ಧವಳಾ ಟೀಕೆಯ ಕರ್ತೃ ವೀರಸೇನಾಚಾರ್ಯರು

ಹೊಟ್ಟೆಯ ಪಾಡಿಗಾಗಿ ತುಳುನಾಡನ್ನು ತೊರೆದು ಬಂದು ಇಂದು ಖಾರಘರ, ಪನವೇಲು, ಠಾಣೆ, ಡೊಂಬಿವಲಿ, ಕಲ್ಯಾಣಗಳಲ್ಲಿ ನೆಲೆಸಿರುವ ನಮ್ಮ ಬಂಧುಗಳಲ್ಲಿ ಮೂಡಬಿದಿರೆಯ ಸಾವಿರ ಕಂಬದ ಬಸದಿಯ ಹೆಸರನ್ನು ಕೇಳದವರು ವಿರಳ. ಆದರೆ ಅದೇ ಊರಿನ ಗುರುಬಸದಿಗೆ ಸಿದ್ಧಾಂತ ಬಸದಿಯೆಂಬ ಇನ್ನೊಂದು ಹೆಸರು ಏಕೆ ಬಂದಿತೆಂಬುದನ್ನು ಬಲ್ಲವರು ಅಷ್ಟೊಂದು ಮಂದಿ ಇರಲಾರರು. ಶತಮಾನಗಳ ಕಾಲ ಅಲ್ಲಿ ಕೆಲವು ತಾಳೆಗರಿಯ ಕಟ್ಟುಗಳು ಭದ್ರವಾಗಿ ಇಡಲ್ಪಟ್ಟಿದ್ದುವು. ಅವುಗಳ ಲಿಪಿ ಹಳಗನ್ನಡ; ಭಾಷೆ ಪ್ರಾಕೃತ ಮತ್ತು ಸಂಸ್ಕೃತ. ಆ ಕಟ್ಟುಗಳಲ್ಲಿ ಪ್ರಧಾನವಾದುದು ಧವಳಾ ಎಂಬ ಮಹಾಟೀಕೆ. ಅದನ್ನು ರಚಿಸಿದ ಮಹಾಪುರುಷರೇ ವೀರಸೇನಾಚಾರ್ಯರು. ಧರ್ಮಗ್ರಂಥವೆಂದು ಪೂಜೆಗೊಳ್ಳುತ್ತಿದ್ದ ಆ ಟೀಕೆಯೊಳಗೆ, ಇಂದು ನಮ್ಮ ಮಕ್ಕಳು ಕಾಲೇಜಿನಲ್ಲಿ ಲಾಗ್ ಎಂದು ಕಲಿಯುವ ಲಘುಗಣಕದ ತತ್ತ್ವವೂ ಅಡಗಿತ್ತು. ಈ ಆಚಾರ್ಯರ ಜೀವನವನ್ನೂ, ಅವರ ಗಣಿತವನ್ನೂ, ಅವರ ಗ್ರಂಥವು ಕತ್ತಲೆಯಿಂದ ಬೆಳಕಿಗೆ ಬಂದ ಬಗೆಯನ್ನೂ ವಾಚಕರ ಮುಂದಿಡುವುದು ನಮ್ಮ ಉದ್ದೇಶ.

ಗುರುಪರಂಪರೆ

ವೀರಸೇನರು ಪಂಚಸ್ತೂಪಾನ್ವಯವೆಂಬ ದಿಗಂಬರ ಮುನಿಪರಂಪರೆಗೆ ಸೇರಿದವರು. ಚಂದ್ರಸೇನರು ಅವರ ಗುರುಗಳ ಗುರುಗಳು. ಆರ್ಯನಂದಿಗಳು ಅವರ ದೀಕ್ಷಾಗುರುಗಳು. ಸಿದ್ಧಾಂತಶಾಸ್ತ್ರವನ್ನು ಅವರು ಚಿತ್ರಕೂಟಪುರದಲ್ಲಿ ವಾಸವಾಗಿದ್ದ ಏಲಾಚಾರ್ಯರ ಬಳಿ ಅಭ್ಯಾಸ ಮಾಡಿದರು. ಸಿದ್ಧಾಂತ, ಛಂದಸ್ಸು, ಜ್ಯೋತಿಷ, ವ್ಯಾಕರಣ, ಪ್ರಮಾಣಶಾಸ್ತ್ರ ಈ ಐದರಲ್ಲಿಯೂ ಅವರು ನಿಪುಣರಾಗಿದ್ದರೆಂದು ಧವಳಾ ಟೀಕೆಯ ಕೊನೆಯ ಪ್ರಶಸ್ತಿ ತಿಳಿಸುತ್ತದೆ. ಇದು ಬರಿಯ ಹೊಗಳಿಕೆಯಲ್ಲವೆಂಬುದಕ್ಕೆ ಅವರ ಗ್ರಂಥವೇ ಸಾಕ್ಷಿ. ವ್ಯಾಕರಣದ ಸೂಕ್ಷ್ಮವನ್ನು ಬಿಡಿಸುತ್ತಿದ್ದ ಅದೇ ಲೇಖನಿ ಮರುಪುಟದಲ್ಲಿ ವೃತ್ತದ ಪರಿಧಿಯನ್ನು ಅಳೆಯುತ್ತದೆ.

ಅವರು ಬಾಳಿದುದು ರಾಷ್ಟ್ರಕೂಟ ಚಕ್ರವರ್ತಿಗಳ ಕಾಲದಲ್ಲಿ. ಜಗತ್ತುಂಗನೆಂಬ ಬಿರುದಿನ ಮೂರನೆಯ ಗೋವಿಂದನೂ, ಅವನ ಮಗನಾದ ಅಮೋಘವರ್ಷ ನೃಪತುಂಗನೂ ಆಳುತ್ತಿದ್ದ ದಿನಗಳವು. ಕನ್ನಡ ದೊರೆಗಳ ಅಧಿಕಾರ ಆಗ ಕಾವೇರಿಯಿಂದ ಗೋದಾವರಿಯವರೆಗೂ, ಅದರಾಚೆಗೂ ಹಬ್ಬಿತ್ತು. ನಾವು ಇಂದು ಅನ್ನ ಉಣ್ಣುತ್ತಿರುವ ಈ ಉತ್ತರ ಕೊಂಕಣ ಸೀಮೆಯೂ ಅವರ ಸಾಮಂತರಾದ ಶಿಲಾಹಾರರ ಕೈಯಲ್ಲಿತ್ತು. ಬೋರಿವಲಿಯ ಬಳಿಯ ಕನ್ಹೇರಿ ಗುಹೆಗಳಿಗೆ ರಜೆಯ ದಿನ ಹೋಗುವ ನಮ್ಮ ತರುಣರು, ಅಲ್ಲಿಯ ಕಲ್ಲಿನ ಮೇಲೆ ಅಮೋಘವರ್ಷನ ಹೆಸರುಳ್ಳ ಶಾಸನಗಳು ಇವೆಯೆಂಬುದನ್ನು ನೆನಪಿನಲ್ಲಿಡಬೇಕು. ಕನ್ನಡಿಗರು ಈ ನೆಲಕ್ಕೆ ನಿನ್ನೆ ಮೊನ್ನೆ ಬಂದವರಲ್ಲ.

ಏಲಾಚಾರ್ಯರಲ್ಲಿ ಅಭ್ಯಾಸವನ್ನು ಮುಗಿಸಿದ ಮೇಲೆ ವೀರಸೇನರು ವಾಟಗ್ರಾಮಕ್ಕೆ ಬಂದರು. ಅಲ್ಲಿ ಆನತೇಂದ್ರನು ಕಟ್ಟಿಸಿದ ಜಿನಾಲಯದಲ್ಲಿ ತಂಗಿದರು. ಈ ವಾಟಗ್ರಾಮವು ನಾಸಿಕದ ಕಡೆಯ ಊರೆಂಬುದು ಕೆಲವು ವಿದ್ವಾಂಸರ ಮತ. ಹಾಗಿದ್ದಲ್ಲಿ ಈ ಮಹಾಗ್ರಂಥ ಹುಟ್ಟಿದುದು ಇಂದಿನ ಮಹಾರಾಷ್ಟ್ರದ ಮಣ್ಣಿನಲ್ಲಿ. ಅದು ಉಳಿದುದು ತುಳುನಾಡಿನ ಬಸದಿಯಲ್ಲಿ. ಆ ಜಿನಾಲಯದಲ್ಲಿ ಅವರಿಗೆ ಹಿಂದಿನವರು ರಚಿಸಿದ ವ್ಯಾಖ್ಯಾಪ್ರಜ್ಞಪ್ತಿಯೆಂಬ ಟೀಕೆಯ ಪ್ರತಿ ದೊರೆಯಿತೆಂದು ಇಂದ್ರನಂದಿಯ ಶ್ರುತಾವತಾರವು ಹೇಳುತ್ತದೆ. ಅದನ್ನು ಓದಿ ಮನನ ಮಾಡಿದ ಬಳಿಕ ಅವರು ತಮ್ಮ ಟೀಕೆಯನ್ನು ಕೈಗೊಂಡರು.

ಧವಳಾ ಟೀಕೆ

ಧವಳಾ ಎಂಬುದು ಷಟ್ಖಂಡಾಗಮವೆಂಬ ಪ್ರಾಚೀನ ಸೂತ್ರಗ್ರಂಥದ ಮೇಲಣ ವ್ಯಾಖ್ಯಾನ. ಈ ಸೂತ್ರಗ್ರಂಥದ ಕತೆಯೂ ಕನ್ನಡ ನಾಡಿಗೆ ಸಂಬಂಧಿಸಿದುದೇ. ಗಿರಿನಗರದ ಚಂದ್ರಗುಹೆಯಲ್ಲಿದ್ದ ಧರಸೇನಾಚಾರ್ಯರು, ತಮ್ಮೊಂದಿಗೆ ಆಗಮಜ್ಞಾನವು ಅಳಿದುಹೋಗುವುದೆಂಬ ಭಯದಿಂದ ದಕ್ಷಿಣದಿಂದ ಇಬ್ಬರು ಬುದ್ಧಿವಂತರಾದ ಮುನಿಗಳನ್ನು ಕರೆಯಿಸಿಕೊಂಡು ಕಲಿಸಿದರೆಂದು ಸಂಪ್ರದಾಯ. ಪುಷ್ಪದಂತ, ಭೂತಬಲಿ ಎಂಬ ಆ ಇಬ್ಬರಲ್ಲಿ ಪುಷ್ಪದಂತರು ನಮ್ಮ ಬನವಾಸಿಯಲ್ಲಿ ಕುಳಿತು ಗ್ರಂಥದ ಮೊದಲ ಭಾಗವನ್ನು ಸೂತ್ರರೂಪಕ್ಕೆ ತಂದರು. ಉಳಿದುದನ್ನು ಭೂತಬಲಿಗಳು ಪೂರ್ಣಗೊಳಿಸಿದರು.

ಆ ಸೂತ್ರಗಳಲ್ಲಿ ಮೊದಲ ಐದು ಖಂಡಗಳಿಗೆ ವೀರಸೇನರು ಬರೆದ ಟೀಕೆಯ ಪ್ರಮಾಣ 72,000 ಗ್ರಂಥವೆಂದು ಲೆಕ್ಕ. ಗ್ರಂಥವೆಂದರೆ ಇಲ್ಲಿ ಮೂವತ್ತೆರಡು ಅಕ್ಷರಗಳ ಒಂದು ಶ್ಲೋಕದ ಅಳತೆ. ಹತ್ತಿರ ಹತ್ತಿರ ಇಪ್ಪತ್ತಮೂರು ಲಕ್ಷ ಅಕ್ಷರಗಳನ್ನು ಒಬ್ಬ ಮುನಿ ತಾಳೆಗರಿಯ ಮೇಲೆ ಬರೆದು ಮುಗಿಸಿದರೆಂದರೆ ಅದೆಂತಹ ತಪಸ್ಸೆಂಬುದನ್ನು, ದಿನವಿಡೀ ಲೆಕ್ಕದ ಪುಸ್ತಕದ ಮುಂದೆ ಕುಳಿತು ಬೆರಳು ನೋಯಿಸಿಕೊಳ್ಳುವ ನಮ್ಮ ಗುಮಾಸ್ತ ಬಂಧುಗಳು ಚೆನ್ನಾಗಿ ಊಹಿಸಬಲ್ಲರು. ಟೀಕೆ ಮುಗಿದುದು ಶಕ 738, ಅಂದರೆ ಕ್ರಿ.ಶ. 816ರಲ್ಲಿ ಎಂದು ಹೀರಾಲಾಲ ಜೈನರು ನಿರ್ಣಯಿಸಿದ್ದಾರೆ. ಅದಕ್ಕಿಂತಲೂ ಹಿಂದಕ್ಕೆ ಒಯ್ಯುವ ವಿದ್ವಾಂಸರೂ ಉಂಟು.

ಅವರ ಬರವಣಿಗೆಯ ರೀತಿ ಗಮನಾರ್ಹವಾದುದು. ಒಂದು ಮಾತನ್ನು ಹೇಳಿ ಸುಮ್ಮನಾಗುವವರಲ್ಲ ಅವರು. ತಾವೇ ಶಂಕೆಯನ್ನು ಎತ್ತುತ್ತಾರೆ, ತಾವೇ ಸಮಾಧಾನ ಹೇಳುತ್ತಾರೆ. ಉತ್ತರದ ಆಚಾರ್ಯರ ಮತ ಒಂದು, ದಕ್ಷಿಣದ ಆಚಾರ್ಯರ ಮತ ಇನ್ನೊಂದು ಆಗಿರುವಲ್ಲಿ ಎರಡನ್ನೂ ಮುಂದಿಟ್ಟು ತೂಗಿ ನೋಡುತ್ತಾರೆ. ಹೀಗೆ ಎದುರುಪಕ್ಷದ ಮಾತನ್ನೂ ಮುಚ್ಚಿಡದೆ ಬರೆಯುವ ಗುಣವು ಪತ್ರಿಕೆಯನ್ನು ನಡೆಯಿಸುವ ನಮ್ಮಂಥವರಿಗೂ ಪಾಠವಾಗಿದೆ.

ಅರ್ಧಚ್ಛೇದವೆಂದರೇನು?

ಮೋಕ್ಷವನ್ನು ಅರಸುವ ಮುನಿಗೆ ಗಣಿತವೇಕೆ ಬೇಕಾಯಿತೆಂದು ಕೆಲವರು ಕೇಳಬಹುದು. ಜೈನ ಸಿದ್ಧಾಂತವು ಲೋಕದ ವಿಸ್ತಾರವನ್ನೂ, ಜೀವರಾಶಿಗಳ ಸಂಖ್ಯೆಯನ್ನೂ, ಕಾಲದ ಪ್ರಮಾಣವನ್ನೂ ಎಣಿಕೆಗೆ ತರಲು ಯತ್ನಿಸುತ್ತದೆ. ಸಂಖ್ಯಾತ, ಅಸಂಖ್ಯಾತ, ಅನಂತವೆಂದು ಅದು ಸಂಖ್ಯೆಗಳನ್ನು ವಿಭಾಗಿಸುತ್ತದೆ. ಅಷ್ಟು ದೊಡ್ಡ ಸಂಖ್ಯೆಗಳನ್ನು ಅಂಕಿಗಳಲ್ಲಿ ಬರೆದು ತೀರದು. ಎರಡು ಭಾರಿ ರಾಶಿಗಳಲ್ಲಿ ಯಾವುದು ಹಿರಿದು, ಒಂದು ಇನ್ನೊಂದರ ಎಷ್ಟು ಪಾಲೆಂದು ತಿಳಿಯಲು ಬೇರೊಂದು ಉಪಾಯ ಬೇಕಾಯಿತು. ಆ ಉಪಾಯವೇ ಅರ್ಧಚ್ಛೇದ.

ನಮ್ಮ ಉಪಹಾರಗೃಹದ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ಒಂದು ದೊಡ್ಡ ತಟ್ಟೆಯಲ್ಲಿ ಮೈಸೂರುಪಾಕನ್ನು ಹೊಯ್ದಿದೆಯೆಂದು ತಿಳಿಯಿರಿ. ಮೊದಲನೆಯ ಸಲ ಕತ್ತರಿಸಿದರೆ ಎರಡು ತುಂಡು. ಪ್ರತಿಯೊಂದು ತುಂಡನ್ನೂ ಮತ್ತೆ ಎರಡಾಗಿ ಕತ್ತರಿಸಿದರೆ ನಾಲ್ಕು. ಮೂರನೆಯ ಸಲ ಎಂಟು, ನಾಲ್ಕನೆಯ ಸಲ ಹದಿನಾರು, ಐದನೆಯ ಸಲ ಮೂವತ್ತೆರಡು. ಈಗ ಪ್ರಶ್ನೆಯನ್ನು ಎರಡು ಬಗೆಯಲ್ಲಿ ಕೇಳಬಹುದು. ಐದು ಸಲ ಕತ್ತರಿಸಿದರೆ ತುಂಡುಗಳೆಷ್ಟು ಎಂಬುದು ಒಂದು. ಇದಕ್ಕೆ ಉತ್ತರ 32. ಮೂವತ್ತೆರಡು ತುಂಡು ಬೇಕಾದರೆ ಎಷ್ಟು ಸಲ ಕತ್ತರಿಸಬೇಕೆಂಬುದು ಇನ್ನೊಂದು. ಇದಕ್ಕೆ ಉತ್ತರ 5. ಮೊದಲನೆಯದು ಘಾತದ ಮಾತು, ಅಂದರೆ ಎರಡನ್ನು ಐದು ಬಾರಿ ಬರೆದು ಗುಣಿಸುವ ಮಾತು. ಎರಡನೆಯದು ಲಘುಗಣಕದ ಮಾತು. ಛೇದವೆಂದರೆ ಕತ್ತರಿಸುವುದು. ಒಂದು ಸಂಖ್ಯೆಯನ್ನು ಒಂದು ಉಳಿಯುವ ತನಕ ಎಷ್ಟು ಬಾರಿ ಅರ್ಧ ಮಾಡಬಹುದೋ ಆ ಬಾರಿಗಳ ಎಣಿಕೆಯೇ ಅದರ ಅರ್ಧಚ್ಛೇದ. ಮೂವತ್ತೆರಡರ ಅರ್ಧಚ್ಛೇದ 5, ಅರುವತ್ತನಾಲ್ಕರದು 6.

ವೀರಸೇನರು ಇಲ್ಲಿಗೇ ನಿಲ್ಲಲಿಲ್ಲ. ಮೂರರಿಂದ ಭಾಗಿಸುತ್ತ ಹೋದರೆ ಬರುವ ಎಣಿಕೆಯನ್ನು ತ್ರಿಕಚ್ಛೇದವೆಂದೂ, ನಾಲ್ಕರಿಂದಾದರೆ ಚತುರ್ಥಚ್ಛೇದವೆಂದೂ ಕರೆದರು. ಅರ್ಧಚ್ಛೇದದ ಅರ್ಧಚ್ಛೇದಕ್ಕೆ ವರ್ಗಶಲಾಕೆಯೆಂಬ ಹೆಸರನ್ನು ಬಳಸಿದರು. ಇಂದಿನ ಪಠ್ಯಪುಸ್ತಕದ ಭಾಷೆಯಲ್ಲಿ ಹೇಳುವುದಾದರೆ ಎರಡು, ಮೂರು, ನಾಲ್ಕು ಎಂಬ ಬೇರೆ ಬೇರೆ ಆಧಾರಗಳ ಲಘುಗಣಕಗಳು ಇವು. ಎರಡು ಸಂಖ್ಯೆಗಳನ್ನು ಗುಣಿಸಿದರೆ ಅವುಗಳ ಅರ್ಧಚ್ಛೇದಗಳು ಕೂಡುತ್ತವೆ, ಭಾಗಿಸಿದರೆ ಕಳೆಯುತ್ತವೆ ಎಂಬ ನಿಯಮಗಳು ಧವಳಾ ಟೀಕೆಯಲ್ಲಿ ಬಳಕೆಯಾಗಿವೆ. ಎಂಟರ ಅರ್ಧಚ್ಛೇದ 3, ಹದಿನಾರರದು 4. ಎರಡನ್ನೂ ಕೂಡಿದರೆ 7. ಏಳು ಅರ್ಧಚ್ಛೇದವುಳ್ಳ ಸಂಖ್ಯೆ 128. ಎಂಟನ್ನು ಹದಿನಾರರಿಂದ ಗುಣಿಸಿ ನೋಡಿದರೂ ಬರುವುದು ಅದೇ.

ಬಿಡಿಸುವ ಕೀಲಿ

ರಾತ್ರಿ ಹೋಟೇಲಿನ ಕೆಲಸ ಮುಗಿಸಿ ಪರೀಕ್ಷೆಗೆ ಓದುವ ಹುಡುಗರನ್ನು ನಾವು ಬಹಳ ಕಾಲದಿಂದ ಬಲ್ಲೆವು. ಲಾಗ್ ಎಂಬ ಮಾತು ಬಂದೊಡನೆ ಅವರಲ್ಲಿ ಅನೇಕರು ಪುಸ್ತಕವನ್ನು ಮುಚ್ಚುತ್ತಾರೆ. ಎಸ್.ಎಸ್.ಎಲ್.ಸಿ.ಯವರೆಗೆ ಮಾತ್ರ ಓದಿ, ಆಮೇಲಿನ ಗಣಿತವನ್ನು ಗಲ್ಲೆಯ ಹಿಂದೆ ಕುಳಿತು ಕಲಿತ ನಾವು ಅವರಿಗೆ ಹೇಳುವ ಮಾತು ಇಷ್ಟೇ: ಲಘುಗಣಕದ ಸಮೀಕರಣವನ್ನು ಕಂಡಾಗ ಅದನ್ನು ಘಾತದ ರೂಪಕ್ಕೆ ತಿರುಗಿಸಿ ಬರೆಯಿರಿ. ಭಯ ಅಲ್ಲಿಗೇ ಮುಗಿಯಿತು.

ಕ್ಷ ಎಂಬ ಸಂಖ್ಯೆಯ ಅರ್ಧಚ್ಛೇದ 6 ಎಂದು ಕೊಟ್ಟಿದ್ದರೆ, ಆಧಾರವಾದ ಎರಡನ್ನು ಆರು ಬಾರಿ ಗುಣಿಸಿರಿ, ಕ್ಷ 64. ಕ್ಷದ ತ್ರಿಕಚ್ಛೇದ 4 ಎಂದಿದ್ದರೆ ಮೂರನ್ನು ನಾಲ್ಕು ಬಾರಿ ಗುಣಿಸಿರಿ, ಕ್ಷ 81. ಆಧಾರವೇ ತಿಳಿಯದಿದ್ದರೂ ಇದೇ ಮಾರ್ಗ. ಯಾವ ಆಧಾರದಲ್ಲಿ 125ರ ಲಘುಗಣಕ 3 ಆಗುವುದೆಂದು ಕೇಳಿದರೆ, ಮೂರು ಬಾರಿ ಗುಣಿಸಿದಾಗ 125 ಆಗುವ ಸಂಖ್ಯೆ ಯಾವುದೆಂದು ಹುಡುಕಿದರಾಯಿತು, ಅದು 5.

ಸ್ವಲ್ಪ ಕಠಿನವಾದ ಇನ್ನೊಂದನ್ನು ನೋಡೋಣ. ಕ್ಷದ ಅರ್ಧಚ್ಛೇದ ಮತ್ತು ಕ್ಷದಲ್ಲಿ ಎರಡನ್ನು ಕಳೆದು ಉಳಿದುದರ ಅರ್ಧಚ್ಛೇದ, ಇವೆರಡನ್ನು ಕೂಡಿದರೆ 3 ಆಗುತ್ತದೆ; ಕ್ಷ ಎಷ್ಟು? ಅರ್ಧಚ್ಛೇದಗಳು ಕೂಡಿದವೆಂದರೆ ಸಂಖ್ಯೆಗಳು ಗುಣಿಸಿದವೆಂದು ಅರ್ಥ. ಆದುದರಿಂದ ಕ್ಷ × (ಕ್ಷ − 2) ಎಂಬ ಗುಣಲಬ್ಧದ ಅರ್ಧಚ್ಛೇದ 3. ಘಾತದ ರೂಪಕ್ಕೆ ತಂದರೆ ಆ ಗುಣಲಬ್ಧ 8. ಈ ವರ್ಗಸಮೀಕರಣವನ್ನು ಬಿಡಿಸಿದರೆ ಕ್ಷಕ್ಕೆ ಎರಡು ಬೆಲೆಗಳು ಬರುತ್ತವೆ: 4 ಮತ್ತು −2. ಇಲ್ಲಿಯೇ ಎಚ್ಚರ ಬೇಕು. ಬಂದ ಉತ್ತರವನ್ನು ಮೂಲ ಪ್ರಶ್ನೆಯಲ್ಲಿ ಇಟ್ಟು ತಾಳೆ ನೋಡಬೇಕು. ನಾಲ್ಕರ ಅರ್ಧಚ್ಛೇದ 2, ನಾಲ್ಕರಲ್ಲಿ ಎರಡು ಕಳೆದರೆ ಉಳಿಯುವ ಎರಡರ ಅರ್ಧಚ್ಛೇದ 1, ಕೂಡಿದರೆ 3. ಲೆಕ್ಕ ಸರಿಯಾಯಿತು. ಋಣಸಂಖ್ಯೆಯನ್ನಾದರೋ ಎಷ್ಟು ಬಾರಿ ಅರ್ಧ ಮಾಡಿದರೂ ಅದು ಒಂದಕ್ಕೆ ಬಂದು ನಿಲ್ಲುವುದಿಲ್ಲ. ಅದಕ್ಕೆ ಲಘುಗಣಕವೇ ಇಲ್ಲ. ಆದುದರಿಂದ −2 ಎಂಬುದನ್ನು ಬಿಟ್ಟುಬಿಡಬೇಕು. ಸಂಜೆ ಗಲ್ಲೆಯ ಹಣವನ್ನು ಬಿಲ್ಲುಗಳೊಂದಿಗೆ ತಾಳೆ ನೋಡುವ ಅಭ್ಯಾಸವುಳ್ಳವರಿಗೆ ಈ ಕೊನೆಯ ಹೆಜ್ಜೆಯ ಬೆಲೆಯನ್ನು ನಾವು ಬಿಡಿಸಿ ಹೇಳಬೇಕಾಗಿಲ್ಲ.

ಈ ಲೆಕ್ಕ ಪರೀಕ್ಷೆಗೆ ಮಾತ್ರವಲ್ಲ. ವರ್ಷಕ್ಕೆ ನೂರಕ್ಕೆ 12ರಂತೆ ಚಕ್ರಬಡ್ಡಿಯ ಸಾಲ ಮಾಡಿದವನ ಬಾಕಿ ಆರು ವರ್ಷಗಳಲ್ಲಿ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಮೂವತ್ತು ವರ್ಷವೆಂದರೆ ಐದು ಇಮ್ಮಡಿ. ಇಮ್ಮಡಿಯೆಂಬುದು ಸರಿಯಾಗಿ ಎರಡಕ್ಕೆ ತುಸು ಕಡಿಮೆಯಾದುದರಿಂದ ಬಾಕಿ 32 ಪಟ್ಟಾಗದೆ ಸುಮಾರು 30 ಪಟ್ಟಾಗುತ್ತದೆ. ಸಾವಿರ ರೂಪಾಯಿ ಮೂವತ್ತು ಸಾವಿರವಾಗುತ್ತದೆ. ಊರಿನಲ್ಲಿ ಗದ್ದೆ ಅಡವಿಟ್ಟು ಇಲ್ಲಿ ದುಡಿಯುವವರು, ಬಡ್ಡಿ ಕೂಡುತ್ತ ಹೋಗುವುದಿಲ್ಲ, ಗುಣಿಸುತ್ತ ಹೋಗುತ್ತದೆ ಎಂಬ ಈ ಭೇದವನ್ನು ಮೊದಲೇ ತಿಳಿದಿದ್ದರೆ ಎಷ್ಟೋ ಮನೆಗಳು ಉಳಿಯುತ್ತಿದ್ದುವು.

ದೊಡ್ಡ ಸಂಖ್ಯೆಗಳು

ಈ ಕೀಲಿಯ ಬಲವನ್ನು ಕಾಣಬೇಕಾದರೆ ಆಗಮಗಳ ಒಂದು ಸಂಖ್ಯೆಯನ್ನು ನೋಡಬೇಕು. ಎರಡನ್ನು ವರ್ಗ ಮಾಡಿದರೆ 4. ಅದನ್ನು ವರ್ಗ ಮಾಡಿದರೆ 16. ಮುಂದೆ 256, 65536. ಐದನೆಯ ವರ್ಗ 4294967296. ಆರನೆಯ ವರ್ಗ 18446744073709551616. ಐದನೆಯ ಮತ್ತು ಆರನೆಯ ವರ್ಗಗಳನ್ನು ಗುಣಿಸಿದರೆ 79228162514264337593543950336 ಎಂಬ ಇಪ್ಪತ್ತೊಂಬತ್ತು ಸ್ಥಾನಗಳ ಸಂಖ್ಯೆ ಬರುತ್ತದೆ. ಮನುಷ್ಯರ ಸಂಖ್ಯೆಯ ವಿಚಾರದಲ್ಲಿ ಜೈನ ಆಗಮಗಳು ಇದನ್ನು ಚರ್ಚಿಸುತ್ತವೆ. ಅಂಕಿಗಳನ್ನು ನೋಡಿದರೆ ಕಣ್ಣು ಕತ್ತಲೆಗಟ್ಟುತ್ತದೆ. ಆದರೆ ಐದನೆಯ ವರ್ಗದ ಅರ್ಧಚ್ಛೇದ 32, ಆರನೆಯದು 64, ಕೂಡಿದರೆ 96. ತೊಂಬತ್ತಾರು ಬಾರಿ ಅರ್ಧ ಮಾಡಬಹುದಾದ ಸಂಖ್ಯೆ ಎಂದು ಹೇಳಿದರೆ ಒಂದೇ ಮಾತಿನಲ್ಲಿ ಮುಗಿಯಿತು. ಏಳನೆಯ ವರ್ಗದ ಅರ್ಧಚ್ಛೇದ 128 ಆದುದರಿಂದ, ಈ ಸಂಖ್ಯೆ ಆರನೆಯ ವರ್ಗಕ್ಕಿಂತ ಹಿರಿದು, ಏಳನೆಯದಕ್ಕಿಂತ ಕಿರಿದೆಂಬುದೂ ಗುಣಾಕಾರ ಮಾಡದೆಯೇ ತಿಳಿಯುತ್ತದೆ.

ಒಂದು ಸಂಖ್ಯೆಯನ್ನು ಅದೇ ಸಂಖ್ಯೆಯಷ್ಟು ಬಾರಿ ಗುಣಿಸುವ ವರ್ಗಿತಸಂವರ್ಗಿತವೆಂಬ ಕ್ರಿಯೆಯೂ ಧವಳಾ ಟೀಕೆಯಲ್ಲಿ ಬರುತ್ತದೆ. ಎರಡರಿಂದ ತೊಡಗಿದರೆ ಮೊದಲು 4, ಆಮೇಲೆ ನಾಲ್ಕನ್ನು ನಾಲ್ಕು ಬಾರಿ ಗುಣಿಸಿ 256, ಮೂರನೆಯ ಸಲ 256ನ್ನು 256 ಬಾರಿ ಗುಣಿಸಬೇಕು. ಬರುವ ಸಂಖ್ಯೆಯನ್ನು ಬರೆಯಲು ಆರುನೂರಕ್ಕಿಂತ ಹೆಚ್ಚು ಅಂಕಿಗಳು ಬೇಕು. ಆದರೆ 256ರ ಅರ್ಧಚ್ಛೇದ 8. ಅದನ್ನು 256ರಿಂದ ಗುಣಿಸಿದರೆ 2048. ಆ ಮಹಾರಾಶಿಯ ಅರ್ಧಚ್ಛೇದ ಕೇವಲ 2048. ಮೂರೇ ಹೆಜ್ಜೆಗಳಲ್ಲಿ ಎರಡೆಂಬ ಪುಟ್ಟ ಸಂಖ್ಯೆ ಎಲ್ಲಿಗೆ ಬೆಳೆಯಿತೆಂಬುದನ್ನೂ, ಅದನ್ನು ಮುನಿ ಹೇಗೆ ಹಿಡಿದು ಕಟ್ಟಿದರೆಂಬುದನ್ನೂ ಇಲ್ಲಿ ಕಾಣಬಹುದು.

ಇಷ್ಟು ಹೇಳಿದ ಮೇಲೆ ನ್ಯಾಯವಾದ ಮಾತೊಂದನ್ನೂ ಹೇಳಬೇಕು. ಅರ್ಧಚ್ಛೇದವು ವೀರಸೇನರೊಬ್ಬರ ಸೃಷ್ಟಿಯಲ್ಲ. ಯತಿವೃಷಭರ ತಿಲೋಯಪಣ್ಣತ್ತಿಯಲ್ಲಿಯೂ ಅದು ಕಾಣಬರುತ್ತದೆ. ಅಲ್ಲದೆ, ಎಲ್ಲ ಸಂಖ್ಯೆಗಳಿಗೂ ಲಘುಗಣಕವನ್ನು ಕಂಡುಹಿಡಿದು ಕೋಷ್ಟಕ ಮಾಡಿದ ಕೀರ್ತಿ ಸ್ಕಾಟ್ಲೆಂಡಿನ ಜಾನ್ ನೇಪಿಯರನದು. ಎಡಿನ್‌ಬರೋ ನಗರದ ಬಳಿಯ ಮರ್ಚಿಸ್ಟನ್ ಕೋಟೆಯಲ್ಲಿ 1550ರಲ್ಲಿ ಹುಟ್ಟಿದ ಆತನು ಸುಮಾರು ಇಪ್ಪತ್ತು ವರ್ಷ ದುಡಿದು 1614ರಲ್ಲಿ ತನ್ನ ಗ್ರಂಥವನ್ನು ಪ್ರಕಟಿಸಿದನು, 1617ರಲ್ಲಿ ತೀರಿಕೊಂಡನು. ಹತ್ತನ್ನು ಆಧಾರವಾಗಿಟ್ಟುಕೊಂಡ ಕೋಷ್ಟಕಗಳನ್ನು ಹೆನ್ರಿ ಬ್ರಿಗ್ಸನು ಸಿದ್ಧಪಡಿಸಿದನು. ಎಲ್ಲವೂ ನಮ್ಮಲ್ಲಿಯೇ ಇತ್ತೆಂದು ಡಂಗುರ ಸಾರುವುದೂ ಸಲ್ಲದು. ನಮ್ಮಲ್ಲಿ ಏನೂ ಇರಲಿಲ್ಲವೆಂದು ತಲೆ ತಗ್ಗಿಸುವುದೂ ಸಲ್ಲದು. ನೇಪಿಯರನಿಗೆ ಸುಮಾರು ಎಂಟುನೂರು ವರ್ಷ ಮೊದಲು, ಗುಣಾಕಾರವನ್ನು ಸಂಕಲನವಾಗಿ ಮಾಡುವ ತತ್ತ್ವವನ್ನು ರಾಷ್ಟ್ರಕೂಟರ ನಾಡಿನ ಒಬ್ಬ ಮುನಿ ತಿಳಿದು ಬಳಸಿದ್ದರೆಂಬ ಸತ್ಯವೇ ನಮಗೆ ಸಾಕಷ್ಟು ಹೆಮ್ಮೆಯ ವಿಷಯ.

ಶಿಷ್ಯಪರಂಪರೆ

ಧವಳಾ ಟೀಕೆಯನ್ನು ಮುಗಿಸಿ ವೀರಸೇನರು ವಿಶ್ರಾಂತಿ ಪಡೆಯಲಿಲ್ಲ. ಗುಣಧರಾಚಾರ್ಯರ ಕಷಾಯಪ್ರಾಭೃತಕ್ಕೆ ಜಯಧವಳಾ ಎಂಬ ಇನ್ನೊಂದು ಟೀಕೆಯನ್ನು ಆರಂಭಿಸಿದರು. 20,000 ಗ್ರಂಥದಷ್ಟು ಬರೆದಾಗ ಅವರ ಆಯುಷ್ಯ ಮುಗಿಯಿತು. ಅರ್ಧಕ್ಕೆ ನಿಂತ ಕಾರ್ಯವನ್ನು ಕೈಗೆತ್ತಿಕೊಂಡವರು ಶಿಷ್ಯರಾದ ಜಿನಸೇನರು. ಕಿವಿ ಚುಚ್ಚುವ ವಯಸ್ಸಿಗೂ ಮೊದಲೇ ಗುರುಗಳ ಬಳಿಗೆ ಬಂದ ಬಾಲಕರು ಅವರು. ಇನ್ನೂ 40,000 ಗ್ರಂಥವನ್ನು ಬರೆದು ಶಕ 759ರಲ್ಲಿ, ಅಂದರೆ ಕ್ರಿ.ಶ. 837ರಲ್ಲಿ, ಗುರುವಿನ ಋಣವನ್ನು ತೀರಿಸಿದರು. ಇದೇ ಜಿನಸೇನರು ಅಮೋಘವರ್ಷ ನೃಪತುಂಗನಿಗೆ ಗುರುಗಳಾದರು. ಅವರ ಸಂಸ್ಕೃತ ಆದಿಪುರಾಣವನ್ನು ಅವರ ಶಿಷ್ಯರಾದ ಗುಣಭದ್ರರು ಪೂರ್ಣಗೊಳಿಸಿದರು. ಅದನ್ನೇ ಆಧಾರವಾಗಿಟ್ಟುಕೊಂಡು ಮಹಾಕವಿ ಪಂಪನು 941ರಲ್ಲಿ ಕನ್ನಡದ ಆದಿಪುರಾಣವನ್ನು ರಚಿಸಿದನು. ಹೀಗೆ ಕನ್ನಡ ಕಾವ್ಯದ ಮೂಲಸ್ರೋತಗಳಲ್ಲಿ ಒಂದು ವೀರಸೇನರ ಪಾಠಶಾಲೆಗೆ ಹೋಗಿ ಮುಟ್ಟುತ್ತದೆ.

ಗಣಿತದ ಧಾರೆಯೂ ಬತ್ತಲಿಲ್ಲ. ಅಮೋಘವರ್ಷನ ಕಾಲದಲ್ಲಿಯೇ ಮಹಾವೀರಾಚಾರ್ಯರು ಗಣಿತಸಾರಸಂಗ್ರಹವನ್ನು ರಚಿಸಿದರು. ಗುಣೋತ್ತರ ಶ್ರೇಢಿಯ ಮೊತ್ತ ತಿಳಿದಾಗ ಪದಗಳೆಷ್ಟೆಂದು ಕಂಡುಹಿಡಿಯಲು ಅವರು ಕೊಟ್ಟ ಸೂತ್ರವು ಅರ್ಧಚ್ಛೇದದ ಸಂಬಂಧಿಯೇ ಸರಿ. ಮೊದಲ ದಿನ 3 ರೂಪಾಯಿ, ಆಮೇಲೆ ದಿನದಿನಕ್ಕೂ ಇಮ್ಮಡಿಯಂತೆ ಕೂಡಿಟ್ಟವನ ಬಳಿ 381 ರೂಪಾಯಿ ಸೇರಿದರೆ ದಿನಗಳೆಷ್ಟು? 381ನ್ನು ಮೂರರಿಂದ ಭಾಗಿಸಿದರೆ 127. ಗುಣಕದಲ್ಲಿ ಒಂದು ಕಳೆದು ಗುಣಿಸಬೇಕು. ಗುಣಕ ಎರಡಾದುದರಿಂದ 127 ಹಾಗೆಯೇ ಉಳಿಯಿತು. ಒಂದನ್ನು ಕೂಡಿದರೆ 128. ಇದನ್ನು ಎರಡರಿಂದ ಎಷ್ಟು ಬಾರಿ ಭಾಗಿಸಬಹುದೋ ಅಷ್ಟು ದಿನ: ಏಳು. ಮುಂದೆ ಹತ್ತನೆಯ ಶತಮಾನದಲ್ಲಿ ಚಾವುಂಡರಾಯನ ಗುರುಗಳಾದ ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿಗಳು ತಮ್ಮ ಗೊಮ್ಮಟಸಾರ, ತ್ರಿಲೋಕಸಾರಗಳಲ್ಲಿ ಈ ವಿದ್ಯೆಯನ್ನು ಸಂಗ್ರಹಿಸಿದರು.

ಕತ್ತಲೆಯಿಂದ ಬೆಳಕಿಗೆ

ಆದರೆ ಮೂಲವಾದ ಧವಳಾ ಟೀಕೆಯ ಗತಿಯೇನಾಯಿತು? ಹನ್ನೆರಡನೆಯ ಶತಮಾನದ ಆದಿಯಲ್ಲಿ ದೇಮಿಯಕ್ಕನೆಂಬ ಶ್ರಾವಿಕೆ ಶ್ರುತಪಂಚಮಿಯ ವ್ರತದ ಉದ್ಯಾಪನೆಗಾಗಿ ಅದರ ಪ್ರತಿಯನ್ನು ಶುಭಚಂದ್ರ ಸಿದ್ಧಾಂತದೇವರಿಗೆ ದಾನವಿತ್ತಳು. ಕಾಲಾಂತರದಲ್ಲಿ ತಾಳೆಗರಿಗಳು ಮೂಡಬಿದಿರೆಯನ್ನು ಸೇರಿದುವು. ಬೇರೆಲ್ಲಿಯೂ ಪ್ರತಿಗಳು ಉಳಿಯಲಿಲ್ಲ. ಯಾತ್ರಿಕರಿಗೆ ಅವುಗಳ ದರ್ಶನವಾಗುತ್ತಿತ್ತು. ಆದರೆ ಓದುವುದಕ್ಕೆ ಅವಕಾಶವಿರಲಿಲ್ಲ. ಹಳೆಯ ಲಿಪಿಯನ್ನು ಓದಬಲ್ಲವರೂ ದಿನದಿನಕ್ಕೆ ಕಡಿಮೆಯಾದರು. ಒಂದು ಬೆಂಕಿಯ ಕಿಡಿ, ಒಂದು ಗೆದ್ದಲಿನ ಸಾಲು, ಒಂದು ಮಳೆಗಾಲದ ಸೋರಿಕೆ ಸಾಕಾಗಿತ್ತು; ವೀರಸೇನರ ಹೆಸರು ಮಾತ್ರ ಉಳಿದು ಕೃತಿ ಅಳಿದುಹೋಗುತ್ತಿತ್ತು.

1883ರಲ್ಲಿ ಮುಂಬಯಿಯ ಸೇಠ್ ಮಾಣಿಕಚಂದ ಪಾನಾಚಂದರು ಯಾತ್ರೆಗೆಂದು ಮೂಡಬಿದಿರೆಗೆ ಹೋದವರು ಈ ಗರಿಗಳ ಜೀರ್ಣಾವಸ್ಥೆಯನ್ನು ಕಂಡು ಮರುಗಿದರು. ಸೊಲ್ಲಾಪುರದ ಸೇಠ್ ಹೀರಾಚಂದ ನೇಮಚಂದರಿಗೆ ಸಂಗತಿಯನ್ನು ತಿಳಿಸಿದರು. ಇಬ್ಬರ ಪ್ರಯತ್ನದಿಂದ 1896ರ ಸುಮಾರಿಗೆ ಪ್ರತಿ ಮಾಡುವ ಕೆಲಸ ಆರಂಭವಾಯಿತು. ಶ್ರವಣಬೆಳಗೊಳದ ಬ್ರಹ್ಮಸೂರಿ ಶಾಸ್ತ್ರಿಗಳು, ಮಿರಜಿನ ಗಜಪತಿ ಉಪಾಧ್ಯಾಯರು ಅದಕ್ಕೆ ನಿಯಮಿತರಾದರು. ಬ್ರಹ್ಮಸೂರಿ ಶಾಸ್ತ್ರಿಗಳು ಮಧ್ಯದಲ್ಲಿ ತೀರಿಕೊಂಡರೂ ಕೆಲಸ ನಿಲ್ಲಲಿಲ್ಲ. ಎಲ್ಲ ಸೇರಿ ಇಪ್ಪತ್ತೈದು ವರ್ಷಗಳಿಗೂ ಹೆಚ್ಚು ಕಾಲ ಹಿಡಿಯಿತು. ಆದರೆ ಪ್ರತಿಗಳು ಮೂಡಬಿದಿರೆಯಿಂದ ಹೊರಗೆ ಹೋಗಕೂಡದೆಂಬುದು ಅಲ್ಲಿಯವರ ಕಟ್ಟಳೆಯಾಗಿತ್ತು. ಗಜಪತಿ ಉಪಾಧ್ಯಾಯರು ವಿದುಷಿಯಾದ ತಮ್ಮ ಪತ್ನಿ ಲಕ್ಷ್ಮೀಬಾಯಿಯವರ ನೆರವಿನಿಂದ ಗುಟ್ಟಾಗಿ ಇನ್ನೊಂದು ಕನ್ನಡ ಪ್ರತಿಯನ್ನು ಮಾಡಿದರು. ಅದು ದೂರದ ಸಹಾರನಪುರದ ಲಾಲಾ ಜಂಬೂಪ್ರಸಾದರ ಮಂದಿರವನ್ನು ಸೇರಿತು. ಅಲ್ಲಿ ಅದನ್ನು ನಾಗರಿಗೆ ಇಳಿಸಿದ ಸೀತಾರಾಮ ಶಾಸ್ತ್ರಿಗಳು ತಮಗೂ ಒಂದು ಪ್ರತಿಯನ್ನು ಉಳಿಸಿಕೊಂಡರು. ಅದರಿಂದ ಬೇರೆ ಊರುಗಳಿಗೆ ಪ್ರತಿಗಳು ಹಬ್ಬಿದುವು.

ಕಟ್ಟಳೆಯನ್ನು ಮೀರಿದುದು ಸರಿಯೋ ತಪ್ಪೋ ಎಂದು ಇಂದಿಗೂ ವಾದಿಸಬಹುದು. ಮೂಡಬಿದಿರೆಯವರು ಬಿಗಿಯಾಗಿ ಕಾಯದಿದ್ದರೆ ಗರಿಗಳು ಎಂದೋ ಚೆದರಿಹೋಗುತ್ತಿದ್ದುವು. ಗುಟ್ಟಾಗಿ ಪ್ರತಿ ಹೊರಬೀಳದಿದ್ದರೆ ಅವು ಲೋಕಕ್ಕೆ ಇನ್ನೆಷ್ಟು ಕಾಲ ಇಲ್ಲದಂತೆಯೇ ಇರುತ್ತಿದ್ದುವು. ಕಾಯ್ದವರಿಗೂ ಹಂಚಿದವರಿಗೂ ನಾವು ಋಣಿಗಳು. ಅಮರಾವತಿಯಲ್ಲಿ ಪ್ರಾಧ್ಯಾಪಕರಾಗಿದ್ದ ಹೀರಾಲಾಲ ಜೈನರು 1939ರಲ್ಲಿ ಮೊದಲ ಸಂಪುಟವನ್ನು ಅಚ್ಚು ಹಾಕಿಸಿದರು. ಆಮೇಲೆ ಮೂಡಬಿದಿರೆಯವರೂ ಮನಸ್ಸು ಬಿಚ್ಚಿ, ಮೂಲ ತಾಳೆಗರಿಗಳೊಡನೆ ಪಾಠವನ್ನು ತಾಳೆ ನೋಡಲು ಸಹಕರಿಸಿದರು. 1958ರ ಹೊತ್ತಿಗೆ ಹದಿನಾರು ಸಂಪುಟಗಳೂ ಹೊರಬಂದುವು. 1942ರ ನಾಲ್ಕನೆಯ ಸಂಪುಟದಲ್ಲಿ ಲಖನೌ ವಿಶ್ವವಿದ್ಯಾಲಯದ ಅವಧೇಶ ನಾರಾಯಣ ಸಿಂಗರು ಧವಳೆಯ ಗಣಿತವನ್ನು ಕುರಿತು ಬರೆದ ಲೇಖನದಿಂದ, ಅರ್ಧಚ್ಛೇದವೆಂಬುದು ಲಘುಗಣಕವೇ ಎಂಬ ಸಂಗತಿ ಗಣಿತಜ್ಞರ ಲೋಕಕ್ಕೆ ತಿಳಿಯಿತು.

ಕನ್ನಡ ಅಕ್ಷರಗಳು ಕಾಪಾಡದಿದ್ದರೆ ವೀರಸೇನರ ಈ ಕೃತಿ ಉಳಿಯುತ್ತಿರಲಿಲ್ಲ. ಪರಭಾಷೆಯ ಗ್ರಂಥವನ್ನು ನಮ್ಮ ಲಿಪಿಯಲ್ಲಿ ಬರೆದು, ದಾನವಿತ್ತು, ಪೂಜಿಸಿ, ಉಳಿಸಿದವರು ಹೆಸರಿಲ್ಲದ ಲಿಪಿಕಾರರು ಮತ್ತು ಶ್ರಾವಕ ಶ್ರಾವಿಕೆಯರು. ಇಂದು ಈ ಪರಊರಿನಲ್ಲಿ ನಮ್ಮ ಮಕ್ಕಳು ಕನ್ನಡದ ಅಕ್ಷರವನ್ನು ಓದಲಾರದೆ ಹೋಗುತ್ತಿದ್ದಾರೆ. ಓದಬಲ್ಲವರು ಇಲ್ಲದಾದಾಗ ಗ್ರಂಥಕ್ಕೆ ಬೆಂಕಿಯೇ ಬೇಕಾಗಿಲ್ಲ ಎಂಬುದನ್ನು ಮೂಡಬಿದಿರೆಯ ಕತೆ ತೋರಿಸಿದೆ. ಮುಂದಿನ ಸಲ ಪನವೇಲಿನಲ್ಲಿ ರೈಲು ಹತ್ತಿ ಊರಿಗೆ ಹೋಗುವ ಬಂಧುಗಳು ಮಂಗಳೂರಿನಿಂದ ಮೂವತ್ತೈದು ಕಿಲೋಮೀಟರಿನ ಹಾದಿಯನ್ನು ಸವೆಸಿ, ಮಕ್ಕಳ ಕೈ ಹಿಡಿದು ಗುರುಬಸದಿಗೆ ಹೋಗಿ ಬರಲಿ. ಲಾಗ್ ಎಂದರೆ ಹೆದರುವ ಹುಡುಗನಿಗೆ, ಅದರ ಕೀಲಿಯನ್ನು ನಮ್ಮ ಹಿರಿಯರು ಇಲ್ಲಿಯೇ ಜೋಪಾನವಾಗಿ ಇಟ್ಟಿದ್ದರೆಂದು ತಿಳಿಸಿ ಹೇಳಲಿ. ಮನೆಗೆ ಮರಳಿದ ಮೇಲೆ ಒಂದು ಲೆಕ್ಕವನ್ನು ಅವನೊಡನೆ ಕುಳಿತು ಬಿಡಿಸಲಿ.